ಒಂದು ಕೆಪಾಸಿಟರ್ ಸಾಕೇ? ಕಾರಿನ ಸ್ಪೀಕರ್‌ಗೆ ಕ್ರಾಸ್‌ಓವರ್ ಆರಿಸುವ ಬಗೆ

ಕಾರಿಗೆ ಹೊಸ ಸ್ಪೀಕರ್ ಹಾಕಿಸಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್‌ಗೆ, ಅಂದರೆ ಟ್ವೀಟರ್‌ಗೆ, ಒಂದು ಕೆಪಾಸಿಟರ್ ಕಟ್ಟಿದರೆ ಸಾಕೇ? ಕಾಯಿಲ್ (ತಂತಿಯ ಸುರುಳಿ) ಕೂಡ ಬೇಕೇ? ಸಿದ್ಧವಾಗಿ ಸಿಗುವ ಕ್ರಾಸ್‌ಓವರ್, ಅಂದರೆ ಮೇಲಿನ ಸದ್ದನ್ನು ಟ್ವೀಟರ್‌ಗೂ ಕೆಳಗಿನದನ್ನು ದೊಡ್ಡ ಸ್ಪೀಕರ್‌ಗೂ ಹಂಚುವ ಫಿಲ್ಟರ್, ತಂದು ಜೋಡಿಸುವುದು ಲೇಸೇ? ಅಥವಾ ಇದ್ಯಾವುದರ ಗೊಡವೆಯೂ ಇಲ್ಲದೆ ಸ್ಟೀರಿಯೊದಲ್ಲೇ ಇರುವ ಫಿಲ್ಟರ್ ಬಳಸಿಕೊಳ್ಳಬಹುದೇ? ಈ ನಾಲ್ಕೂ ದಾರಿಗಳನ್ನು ನಾನು ಬೇರೆ ಬೇರೆ ಕಾರುಗಳಲ್ಲಿ ಹಿಡಿದು ನೋಡಿದ್ದೇನೆ. ನಾಲ್ಕರಲ್ಲೂ ಕೆಲಸ ಕೆಡಿಸಿಕೊಂಡಿದ್ದೇನೆ.

ಮೊದಲ ಸಲ ಕೆಡಿಸಿಕೊಂಡದ್ದು ಶುದ್ಧ ಅಜ್ಞಾನದಿಂದ. ಕೆಪಾಸಿಟರ್ ದೊಡ್ಡದಾದಷ್ಟೂ ಟ್ವೀಟರ್‌ಗೆ ಕಾವಲು ಗಟ್ಟಿ ಎಂದುಕೊಂಡು, ಡಬ್ಬಿಯಲ್ಲಿದ್ದವುಗಳಲ್ಲೆಲ್ಲ ದಪ್ಪನೆಯದನ್ನು, 47 ಮೈಕ್ರೊಫ್ಯಾರಡ್‌ನದನ್ನು, ಆರಿಸಿ ಹಾಕಿದ್ದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಮೈಕ್ರೊಫ್ಯಾರಡ್ ಕಡಿಮೆಯಾದಷ್ಟೂ ತಡೆಯುವ ಗೆರೆ, ಅಂದರೆ ಯಾವ ಕಂಪನಾಂಕಕ್ಕಿಂತ ಕೆಳಗಿನ ಸದ್ದನ್ನು ತಡೆಯುತ್ತದೋ ಅದು, ಮೇಲಕ್ಕೇರುತ್ತದೆ. 4 ಓಮ್ ಟ್ವೀಟರ್‌ಗೆ 47 ಮೈಕ್ರೊಫ್ಯಾರಡ್ ಕೊಟ್ಟರೆ ಸುಮಾರು 850 ಹರ್ಟ್ಸ್‌ನಿಂದಲೇ ಎಲ್ಲ ಸದ್ದೂ ಒಳಗೆ ನುಗ್ಗುತ್ತದೆ. ಮೂರನೆಯ ಹಾಡು ಮುಗಿಯುವ ಮುನ್ನ ಎಡಗಡೆಯ ಟ್ವೀಟರ್ ಕರಕರ ಎಂದು, ಆಮೇಲೆ ಶಾಶ್ವತವಾಗಿ ಸುಮ್ಮನಾಯಿತು.

ಎರಡನೆಯ ಸಲದ ತಪ್ಪು ಅಷ್ಟು ಪೆದ್ದುತನದ್ದಲ್ಲ, ಆದರೆ ಹೆಚ್ಚು ಜನ ಮಾಡುವಂಥದ್ದು: ಸೂತ್ರವನ್ನು ಅಕ್ಷರಶಃ ನಂಬಿದ್ದು. ಕ್ರಾಸ್‌ಓವರ್ ಸೂತ್ರಗಳೆಲ್ಲ ಸ್ಪೀಕರನ್ನು ಒಂದು ರೆಸಿಸ್ಟರ್ ಎಂದು ಭಾವಿಸಿಕೊಳ್ಳುತ್ತವೆ. 4 ಓಮ್ ಎಂದು ಬರೆದಿದ್ದರೆ ಎಲ್ಲ ಕಂಪನಾಂಕದಲ್ಲೂ 4 ಓಮ್ ಎಂದೇ ಅವುಗಳ ಲೆಕ್ಕ. ಸ್ಪೀಕರ್ ಹಾಗೆ ನಡೆದುಕೊಳ್ಳುವುದಿಲ್ಲ. ಯಾವ ದಾರಿ ಈ ಸುಳ್ಳನ್ನು ಎಷ್ಟು ಸಹಿಸಿಕೊಳ್ಳುತ್ತದೆ ಎಂಬುದನ್ನು ನೋಡಿದರೆ ಆಯ್ಕೆಯ ಅರ್ಧ ಕೆಲಸ ಮುಗಿಯುತ್ತದೆ.

ಆರಿಸುವ ಮುನ್ನ ಕೈಯಲ್ಲಿರಬೇಕಾದ ಮಾಹಿತಿ

ಎಲ್ಲಕ್ಕಿಂತ ಮೊದಲು ಟ್ವೀಟರ್‌ನ ಅನುರಣನ ಕಂಪನಾಂಕ, ಅಂದರೆ ಅದರ ಪೊರೆ ತಾನಾಗಿಯೇ ಕಂಪಿಸಲು ಒಲಿಯುವ ಕಂಪನಾಂಕ. ಅದರ ವಿವರಪಟ್ಟಿಯಲ್ಲಿ ಇರುತ್ತದೆ. ಕಾರಿನ ಟ್ವೀಟರ್‌ಗಳಲ್ಲಿ ಹೆಚ್ಚಾಗಿ 1000ದಿಂದ 2000 ಹರ್ಟ್ಸ್‌ನೊಳಗೆ. ಇದು ಏಕೆ ಮುಖ್ಯವೆಂದರೆ, ಒಂದೇ ವೋಲ್ಟೇಜ್ ಕೊಡುತ್ತ ಕಂಪನಾಂಕವನ್ನು ಇಳಿಸುತ್ತ ಹೋದರೆ, ಪ್ರತಿ ಸ್ಥಾಯಿ ಇಳಿದಂತೆ ಟ್ವೀಟರ್‌ನ ಪೊರೆ ಸುಮಾರು ನಾಲ್ಕು ಪಟ್ಟು ಹೆಚ್ಚು ದೂರ ಓಡಾಡಬೇಕಾಗುತ್ತದೆ, ಅನುರಣನದ ಜಾಗ ಮುಟ್ಟುವವರೆಗೂ. ಡೆಸಿಬೆಲ್ ಲೆಕ್ಕದಲ್ಲಿ ಇದು ಸ್ಥಾಯಿಗೆ 12. ಇಲ್ಲಿ ಸ್ಥಾಯಿ ಎಂದರೆ ಸಂಗೀತದ ಅರ್ಥವೇ: ಕಂಪನಾಂಕ ಅರ್ಧವಾದರೆ ಒಂದು ಸ್ಥಾಯಿ ಕೆಳಗೆ. ಈ 12ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು, ಬಾಗಿಲಿನ ದೊಡ್ಡ ಸ್ಪೀಕರ್ ಎಷ್ಟು ಮೇಲಕ್ಕೆ ಹಾಡಬಲ್ಲದು ಎಂಬುದು. 6.5 ಇಂಚಿನ ಸ್ಪೀಕರ್‌ನ ಶಂಕು ನಿಜವಾಗಿ ಸುಮಾರು 13 ಸೆಂಟಿಮೀಟರ್ ಅಗಲದ್ದು. 2600 ಹರ್ಟ್ಸ್ ಸುಮಾರಿಗೆ ಶಬ್ದದ ಅಲೆಯ ಉದ್ದವೂ ಅಷ್ಟೇ ಆಗುತ್ತದೆ. ಅಲ್ಲಿಂದ ಮೇಲೆ ಸದ್ದು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಮಾತ್ರ ಹೋಗತೊಡಗುತ್ತದೆ, ಬಾಗಿಲಿನ ಸ್ಪೀಕರ್‌ನ ನೇರ ಮುಂದಿರುವುದು ನಿಮ್ಮ ಮೊಣಕಾಲು. ಹಾಗಾಗಿ 2500ರಿಂದ 4000 ಹರ್ಟ್ಸ್ ನಡುವೆ ಎಲ್ಲಾದರೂ ಕೆಲಸವನ್ನು ಟ್ವೀಟರ್‌ಗೆ ಒಪ್ಪಿಸುವುದು ವಾಡಿಕೆ.

ಮೂರನೆಯದು ಶಕ್ತಿ. ಸ್ಟೀರಿಯೊದ ಮುಖದ ಮೇಲೆ 50 ವ್ಯಾಟ್ ಎಂದು ಅಚ್ಚಾಗಿದ್ದರೂ 14.4 ವೋಲ್ಟ್‌ನಿಂದ 4 ಓಮ್‌ಗೆ ಸಿಗಬಹುದಾದ ಶುದ್ಧ ಅಲೆಯ ಶಕ್ತಿ ಲೆಕ್ಕದಲ್ಲೇ 26 ವ್ಯಾಟ್ ದಾಟದು. ಅಲೆಯ ತಲೆ ಕತ್ತರಿಸಿ ಚೌಕ ಮಾಡಿದರೆ ಮಾತ್ರ 50 ಬರುತ್ತದೆ. ನಿಮ್ಮ ಸ್ಪೀಕರ್‌ಗಳು ಸ್ಟೀರಿಯೊದಿಂದಲೇ ಹಾಡುವವಾದರೆ ನಿಮಗೆ ಸಾಕಷ್ಟು ರಿಯಾಯಿತಿ ಇದೆ. ಪ್ರತ್ಯೇಕ ಆಂಪ್ಲಿಫೈಯರ್‌ನಿಂದ 75 ಅಥವಾ 100 ವ್ಯಾಟ್ ಹರಿಸುವವರಿಗೆ ಆ ರಿಯಾಯಿತಿ ಇಲ್ಲ.

ಕೊನೆಗೆ, ನಿಮ್ಮ ಬಳಿ ಎಷ್ಟು ಆಂಪ್ ಚಾನೆಲ್‌ಗಳಿವೆ, ಸ್ಟೀರಿಯೊದ ಮೆನುವಿನಲ್ಲಿ ಏನೇನಿದೆ, ಮತ್ತು ನೀವು ಎಷ್ಟು ಭಾನುವಾರಗಳನ್ನು ಇದಕ್ಕೆ ಕೊಡಬಲ್ಲಿರಿ. ಹಣದ ಮಾತು ಪ್ರತ್ಯೇಕ ಬೇಡ. ಕೆಪಾಸಿಟರ್ ಅಗ್ಗ, ತಾಮ್ರ ದುಬಾರಿ, ಹೆಚ್ಚುವರಿ ಆಂಪ್ ಚಾನೆಲ್ ಇನ್ನೂ ದುಬಾರಿ ಎಂಬಷ್ಟು ತಿಳಿದಿದ್ದರೆ ಸಾಕು.

ಒಂಟಿ ಕೆಪಾಸಿಟರ್

ಟ್ವೀಟರ್‌ನ ಧನ ತಂತಿಗೆ ಸರಣಿಯಲ್ಲಿ ಒಂದು ಕೆಪಾಸಿಟರ್. ಬಾಗಿಲಿನ ಸ್ಪೀಕರ್‌ಗೆ ಏನೂ ಇಲ್ಲ. ಇಷ್ಟೇ. 4 ಓಮ್‌ಗೆ ಲೆಕ್ಕವೂ ಬಾಯಲ್ಲೇ ಹೇಳುವಷ್ಟು ಸುಲಭ: 40,000ವನ್ನು ಬೇಕಾದ ಹರ್ಟ್ಸ್‌ನಿಂದ ಭಾಗಿಸಿದರೆ ಮೈಕ್ರೊಫ್ಯಾರಡ್ ಸಿಗುತ್ತದೆ. 10 ಮೈಕ್ರೊಫ್ಯಾರಡ್ ಹಾಕಿದರೆ 4000 ಹರ್ಟ್ಸ್, 6.8 ಹಾಕಿದರೆ ಸುಮಾರು 5900, 4.7 ಹಾಕಿದರೆ ಸುಮಾರು 8500.

ಇದರ ಇಳಿಜಾರು, ಅಂದರೆ ಗೆರೆಯಾಚೆ ಸದ್ದು ತಗ್ಗುವ ವೇಗ, ಸ್ಥಾಯಿಗೆ 6 ಡೆಸಿಬೆಲ್. ಈಗ ಆ 12ನ್ನು ನೆನೆಸಿಕೊಳ್ಳಿ. ಕೆಳಗಿಳಿದಂತೆ ಪೊರೆಯ ಓಡಾಟ 12 ಡೆಸಿಬೆಲ್‌ನಂತೆ ಏರುತ್ತಿದ್ದರೆ ಫಿಲ್ಟರ್ ಅದರಲ್ಲಿ 6ನ್ನು ಮಾತ್ರ ತಗ್ಗಿಸುತ್ತದೆ. ಅಂದರೆ ನಾವು ತಡೆದಿದ್ದೇವೆ ಎಂದುಕೊಂಡ ಜಾಗದಲ್ಲೂ ಓಡಾಟ ಹೆಚ್ಚುತ್ತಲೇ ಹೋಗುತ್ತದೆ. ಸಾಲದೆಂಬಂತೆ ಅನುರಣನದ ಬಳಿ ಟ್ವೀಟರ್‌ನ ಇಂಪೆಡೆನ್ಸ್ (ಓಮ್‌ನಲ್ಲಿ ಅಳೆಯುವ ಅದರ ತಡೆ) ಏರುವುದರಿಂದ ಕೆಪಾಸಿಟರ್ ಅಲ್ಲಿ ಲೆಕ್ಕದಷ್ಟು ತಡೆಯುವುದೂ ಇಲ್ಲ. ಅದಕ್ಕೇ ಒಂಟಿ ಕೆಪಾಸಿಟರ್ ಬಳಸುವವರು ಗೆರೆಯನ್ನು ಅನುರಣನದ ಮೂರು ನಾಲ್ಕು ಪಟ್ಟು ಮೇಲೆ ಎಳೆಯಬೇಕು. 1500 ಹರ್ಟ್ಸ್‌ನ ಟ್ವೀಟರ್‌ಗೆ 5000 ಅಥವಾ 6000.

ಸ್ಟೀರಿಯೊದಿಂದಲೇ ನಡೆಯುವ, ಮಾತು ಮತ್ತು ಹಾಡು ಸಾಧಾರಣ ಎತ್ತರದಲ್ಲಿ ಕೇಳುವ ಕಾರಿಗೆ ನಾನು ಇದನ್ನೇ ಹೇಳುತ್ತೇನೆ, ಅದೂ ಸಂಕೋಚವಿಲ್ಲದೆ. ಬಾಗಿಲಿನ ಸ್ಪೀಕರ್ ಮೇಲಕ್ಕೆ ಹೋದಂತೆ ತಾನಾಗಿಯೇ ಇಳಿದುಹೋಗುವಂಥದ್ದಾದರೆ ಅದನ್ನು ತಡೆಯಲು ಕಾಯಿಲ್ ಬೇಕಿಲ್ಲ. ಖರ್ಚು ಅತ್ಯಲ್ಪ, ಕೆಡುವಂಥದ್ದು ಹೆಚ್ಚಿಲ್ಲ, ಮುಂದೆ ಮನಸ್ಸು ಬದಲಾದರೆ ಈ ಕೆಪಾಸಿಟರ್‌ಗಳು ಬೇರೆ ಕಡೆ ಉಪಯೋಗಕ್ಕೂ ಬರುತ್ತವೆ.

ಒಂದು ಬಲೆ ಇದೆ. ಎಷ್ಟೋ ಟ್ವೀಟರ್‌ಗಳ ತಂತಿಯಲ್ಲೋ ಬೆನ್ನಲ್ಲೋ ತಯಾರಕರೇ ಒಂದು ಕೆಪಾಸಿಟರ್ ಕೂರಿಸಿರುತ್ತಾರೆ. ಅದನ್ನು ಗಮನಿಸದೆ ನಿಮ್ಮದನ್ನೂ ಸೇರಿಸಿದರೆ ಸರಣಿಯಲ್ಲಿ ಎರಡೂ ಕೂಡಿ ಮೌಲ್ಯ ಕುಗ್ಗುತ್ತದೆ. 4.7 ಇದ್ದಲ್ಲಿಗೆ 10 ಸೇರಿಸಿದರೆ ಸಿಗುವುದು 3.2, ಗೆರೆ 12,000 ಹರ್ಟ್ಸ್ ದಾಟಿ ಟ್ವೀಟರ್ ಇದ್ದೂ ಇಲ್ಲದಂತಾಗುತ್ತದೆ. "ಹೊಸ ಟ್ವೀಟರ್ ಸದ್ದೇ ಮಾಡುವುದಿಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಕೆಪಾಸಿಟರ್ ಮತ್ತು ಕಾಯಿಲ್: ಎರಡೂ ಕಡೆ ಒಂದೊಂದು

ಮೇಲಿನದಕ್ಕೆ ಬಾಗಿಲಿನ ಸ್ಪೀಕರ್‌ನ ಸರಣಿಯಲ್ಲಿ ಒಂದು ಕಾಯಿಲ್ ಸೇರಿಸಿದರೆ ಮೊದಲ ದರ್ಜೆಯ, ಅಂದರೆ ಸ್ಥಾಯಿಗೆ 6 ಡೆಸಿಬೆಲ್‌ನ, ಪೂರ್ಣ ಕ್ರಾಸ್‌ಓವರ್ ಆಯಿತು. 4 ಓಮ್‌ಗೆ 640ನ್ನು ಹರ್ಟ್ಸ್‌ನಿಂದ ಭಾಗಿಸಿದರೆ ಮಿಲಿಹೆನ್ರಿ: 4000 ಹರ್ಟ್ಸ್‌ಗೆ 0.16. ಕಾಗದದ ಮೇಲೆ ಇದರಷ್ಟು ಚೆಂದದ ಫಿಲ್ಟರ್ ಇನ್ನೊಂದಿಲ್ಲ. ಎರಡೂ ಸ್ಪೀಕರ್‌ಗಳ ಸದ್ದು ಕೂಡಿದಾಗ ಏರುಪೇರಿಲ್ಲ, ಫೇಸ್ (ಅಲೆಗಳ ಏರಿಳಿತದ ಹೊಂದಾಣಿಕೆ) ಕೂಡ ಕದಡುವುದಿಲ್ಲ.

ಸೂತ್ರದ ಸುಳ್ಳು ಎಲ್ಲಕ್ಕಿಂತ ದೊಡ್ಡದಾಗಿ ಬಯಲಾಗುವುದೂ ಇಲ್ಲೇ. ಬಾಗಿಲಿನ ಸ್ಪೀಕರ್‌ನ ಒಳಗಿನ ವಾಯ್ಸ್ ಕಾಯಿಲ್ ಕೂಡ ಒಂದು ಕಾಯಿಲ್ ತಾನೇ. ಅದಕ್ಕೆ 0.4 ಮಿಲಿಹೆನ್ರಿ ಇದೆ ಎಂದುಕೊಳ್ಳಿ. ಅದರ ಮುಂದೆ ನೀವು 0.16 ಇಟ್ಟರೆ ಮೇಲಿನ ಕಂಪನಾಂಕಗಳಲ್ಲಿ ವೋಲ್ಟೇಜ್ ಈ ಎರಡು ಕಾಯಿಲ್‌ಗಳ ನಡುವೆ 0.16ಕ್ಕೆ 0.4ರಂತೆ ಹಂಚಿಹೋಗುತ್ತದೆ. ಹಂಚಿಕೆ ಅಲ್ಲಿಗೇ ನಿಲ್ಲುತ್ತದೆ. ಲೆಕ್ಕ ಮಾಡಿದರೆ ಇಳಿಕೆ 3 ಡೆಸಿಬೆಲ್‌ಗೆ ನಿಂತುಬಿಡುತ್ತದೆ; ಎಷ್ಟು ಮೇಲೆ ಹೋದರೂ ಅಷ್ಟೇ. ಸ್ಥಾಯಿಗೆ 6 ಎಂದು ನೀವು ಕೊಂಡ ಫಿಲ್ಟರ್ ಕೆಲಸವನ್ನೇ ಆರಂಭಿಸಿರುವುದಿಲ್ಲ.

ಇದಕ್ಕೆ ಮದ್ದು ಜೋಬೆಲ್ ಜಾಲ. ಸ್ಪೀಕರ್‌ನ ಎರಡು ಕಡ್ಡಿಗಳಿಗೆ ಅಡ್ಡಲಾಗಿ ಒಂದು ರೆಸಿಸ್ಟರ್, ಅದರ ಸರಣಿಯಲ್ಲಿ ಒಂದು ಕೆಪಾಸಿಟರ್. ಮಲ್ಟಿಮೀಟರ್‌ನಲ್ಲಿ ಅಳೆದ ಓಮ್‌ನ 1.25 ಪಟ್ಟು ರೆಸಿಸ್ಟರ್. ವಾಯ್ಸ್ ಕಾಯಿಲ್‌ನ ಹೆನ್ರಿಯನ್ನು ಆ ರೆಸಿಸ್ಟರ್‌ನ ವರ್ಗದಿಂದ ಭಾಗಿಸಿದರೆ ಕೆಪಾಸಿಟರ್, ಫ್ಯಾರಡ್‌ನಲ್ಲಿ. 3.4 ಓಮ್ ಮತ್ತು 0.4 ಮಿಲಿಹೆನ್ರಿಯ ಸ್ಪೀಕರ್‌ಗೆ 4.3 ಓಮ್ ಮತ್ತು 22 ಮೈಕ್ರೊಫ್ಯಾರಡ್ ಸಾಕು. ಇದನ್ನು ಹಾಕಿದ ಮೇಲೆ ಸ್ಪೀಕರ್ ಮೇಲಿನ ಕಂಪನಾಂಕಗಳಲ್ಲೂ ರೆಸಿಸ್ಟರ್‌ನಂತೆ ನಡೆದುಕೊಳ್ಳುತ್ತದೆ, ಸೂತ್ರ ನಿಜವಾಗುತ್ತದೆ.

ಆದರೆ ಆಗ ಬಿಡಿಭಾಗಗಳೆಷ್ಟಾದವು? ಒಂದು ಬದಿಗೆ ಕಾಯಿಲ್ ಒಂದು, ಕೆಪಾಸಿಟರ್ ಎರಡು, ರೆಸಿಸ್ಟರ್ ಒಂದು. ಎರಡನೆಯ ದರ್ಜೆಯ ಕ್ರಾಸ್‌ಓವರ್‌ಗೆ ಬೇಕಾಗುವುದೂ ನಾಲ್ಕೇ. ಟ್ವೀಟರ್‌ನ ಕಾವಲು ಮಾತ್ರ ಒಂಟಿ ಕೆಪಾಸಿಟರ್ ಕೊಟ್ಟಷ್ಟೇ ದುರ್ಬಲ. ನನ್ನ ಅಭಿಪ್ರಾಯದಲ್ಲಿ ಕಾರಿಗೆ ಈ ನಡುವಿನ ಮೆಟ್ಟಿಲು ಹತ್ತುವ ಅಗತ್ಯ ಬೀಳುವುದು ಅಪರೂಪ. ಮನೆಯ ಪೆಟ್ಟಿಗೆಗಳಲ್ಲಿ, ಮೆತ್ತಗೆ ಕೇಳುವವರಿಗೆ, ಅದರ ಸೊಗಸು ಬೇರೆ.

ಎರಡನೆಯ ದರ್ಜೆ

ಟ್ವೀಟರ್ ಕಡೆಗೆ ಸರಣಿಯಲ್ಲಿ ಕೆಪಾಸಿಟರ್, ಅದರ ನಂತರ ಟ್ವೀಟರ್‌ಗೆ ಅಡ್ಡಲಾಗಿ ಕಾಯಿಲ್. ಬಾಗಿಲಿನ ಸ್ಪೀಕರ್ ಕಡೆಗೆ ಸರಣಿಯಲ್ಲಿ ಕಾಯಿಲ್, ನಂತರ ಅಡ್ಡಲಾಗಿ ಕೆಪಾಸಿಟರ್. ಇಳಿಜಾರು ಸ್ಥಾಯಿಗೆ 12 ಡೆಸಿಬೆಲ್. ಟ್ವೀಟರ್‌ನ ಓಡಾಟ ಏರುವುದೂ 12ರಂತೆ, ಫಿಲ್ಟರ್ ತಗ್ಗಿಸುವುದೂ 12ರಂತೆ. ಗೆರೆಯ ಕೆಳಗೆ ಓಡಾಟ ಹೆಚ್ಚುವುದು ನಿಲ್ಲುತ್ತದೆ. ಮೊದಲ ಮತ್ತು ಎರಡನೆಯ ದರ್ಜೆಯ ನಡುವಿನ ನಿಜವಾದ ಅಂತರ ಇದು, ಬರೀ "ಇನ್ನಷ್ಟು ಕಡಿದಾದ" ಫಿಲ್ಟರ್ ಎಂಬುದಲ್ಲ. ಹಾಗಾಗಿ ಇಲ್ಲಿ ಗೆರೆಯನ್ನು ಅನುರಣನದ ಎರಡು ಪಟ್ಟಿಗೆ ಇಳಿಸಬಹುದು. 1500ರ ಟ್ವೀಟರ್‌ಗೆ 3000 ಅಥವಾ 3500 ಹರ್ಟ್ಸ್, ಅಂದರೆ ಬಾಗಿಲಿನ ಸ್ಪೀಕರ್ ಮೊಣಕಾಲಿಗೆ ಹಾಡತೊಡಗುವ ಹೊತ್ತಿಗೆ ಸರಿಯಾಗಿ.

ಇದರಲ್ಲೇ ಎರಡು ಬಗೆ. ಬಟರ್‌ವರ್ತ್ ಬಗೆಯಲ್ಲಿ ಗೆರೆಯ ಬಳಿ ಎರಡೂ ಸ್ಪೀಕರ್ 3 ಡೆಸಿಬೆಲ್ ಮಾತ್ರ ಇಳಿದಿರುತ್ತವೆ, ಕೂಡಿದಾಗ ಅಲ್ಲೊಂದು ಗುಡ್ಡೆ ಏಳುತ್ತದೆ. ಲಿಂಕ್‌ವಿಟ್ಜ್-ರೈಲಿ ಬಗೆಯಲ್ಲಿ ಎರಡೂ 6 ಡೆಸಿಬೆಲ್ ಇಳಿದು, ಕೂಡಿದಾಗ ಸಮನಾಗುತ್ತವೆ. ಈ ಎರಡನೆಯ ಹೆಸರು ಬಂದದ್ದು ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ಎಂಬ ಇಂಜಿನಿಯರ್‌ಗಳಿಂದ. ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಆ ಲೇಖನ ಇದ್ದದ್ದು ಆಕ್ಟಿವ್ ಫಿಲ್ಟರ್‌ಗಳ, ಅಂದರೆ ಆಂಪ್‌ಗೆ ಮೊದಲೇ ಸಿಗ್ನಲ್ ವಿಭಜಿಸುವವುಗಳ, ಬಗ್ಗೆ ಎಂಬುದು ತಮಾಷೆ. ಹೆಸರು ಮಾತ್ರ ನಮ್ಮ ತಾಮ್ರದ ಸುರುಳಿಗಳಿಗೂ ಅಂಟಿಕೊಂಡಿತು.

ಕಾರಿಗೆ ಲಿಂಕ್‌ವಿಟ್ಜ್-ರೈಲಿಯನ್ನೇ ಹಿಡಿಯಿರಿ. 4 ಓಮ್‌ಗೆ ಕೆಪಾಸಿಟರ್: 20,000 ಭಾಗಿಸು ಹರ್ಟ್ಸ್. ಕಾಯಿಲ್: 1270 ಭಾಗಿಸು ಹರ್ಟ್ಸ್. 3500ಕ್ಕೆ 5.6 ಮೈಕ್ರೊಫ್ಯಾರಡ್ ಮತ್ತು 0.36 ಮಿಲಿಹೆನ್ರಿ. ಎರಡೂ ಕಡೆಗೆ ಅದೇ ಮೌಲ್ಯಗಳಾದ್ದರಿಂದ ಇಡೀ ಕಾರಿಗೆ ನಾಲ್ಕು ಒಂದೇ ಕೆಪಾಸಿಟರ್, ನಾಲ್ಕು ಒಂದೇ ಕಾಯಿಲ್. ಕೊಳ್ಳುವುದೂ ಸುಲಭ. ಬಾಗಿಲಿನ ಕಡೆಗೆ ಜೋಬೆಲ್ ಸೇರಿಸಿದರೆ ಲೆಕ್ಕಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ.

ಪುಸ್ತಕಗಳು ಇಲ್ಲಿ ಇನ್ನೊಂದು ಮಾತು ಸೇರಿಸುತ್ತವೆ: ಟ್ವೀಟರ್‌ನ ತಂತಿಗಳನ್ನು ಅದಲುಬದಲು ಮಾಡಿ, ಏಕೆಂದರೆ ಎರಡು ಬದಿಯ ಸದ್ದಿನ ನಡುವೆ 180 ಡಿಗ್ರಿ ಅಂತರ ಬಂದಿರುತ್ತದೆ. ಎರಡೂ ಸ್ಪೀಕರ್ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇದ್ದರೆ ಮಾತು ಸರಿ. ಕಾರಿನಲ್ಲಿ ಒಂದು ಕಾಲಿನ ಬಳಿ, ಇನ್ನೊಂದು ಗಾಜಿನ ಕಂಬದ ಬಳಿ. 3000 ಹರ್ಟ್ಸ್‌ನ ಅಲೆಯ ಉದ್ದ 11 ಸೆಂಟಿಮೀಟರ್ ಚಿಲ್ಲರೆ. ದೂರದಲ್ಲಿ ಆರು ಸೆಂಟಿಮೀಟರ್ ವ್ಯತ್ಯಾಸವಾದರೆ ಫೇಸ್ ತಲೆಕೆಳಗಾಗಲು ಅಷ್ಟೇ ಸಾಕು, ಇಲ್ಲಿ ವ್ಯತ್ಯಾಸ ಅದರ ಹಲವು ಪಟ್ಟು. ಎಡಬದಿಗೆ ಒಂದು ಲೆಕ್ಕ, ಬಲಬದಿಗೆ ಇನ್ನೊಂದು. ಅದಲುಬದಲು ಮಾಡಿಯೂ ಕೇಳಿ, ಮಾಡದೆಯೂ ಕೇಳಿ. ಹಾಡುವವರ ದನಿ ಎಲ್ಲಿ ತುಂಬಿಕೊಂಡು ಕೇಳಿಸುತ್ತದೋ ಅದನ್ನು ಇಟ್ಟುಕೊಳ್ಳಿ. ಚಾಲಕನ ಆಸನದಲ್ಲಿ ಕೂತು ಒಂದೊಂದು ಬದಿಯನ್ನೇ ಪ್ರತ್ಯೇಕ ಕೇಳಬೇಕು, ಇಲ್ಲವಾದರೆ ಕಿವಿ ಮೋಸ ಹೋಗುತ್ತದೆ.

ಇನ್ನು ಅಪಾಯಗಳು. ಎರಡನೆಯ ದರ್ಜೆಯ ಕ್ರಾಸ್‌ಓವರನ್ನು ಟ್ವೀಟರ್ ಕಳಚಿಟ್ಟು ಓಡಿಸಬಾರದು. ಟ್ವೀಟರ್ ಇಲ್ಲದಾಗ ಕೆಪಾಸಿಟರ್ ಮತ್ತು ಕಾಯಿಲ್ ಮಾತ್ರ ಆಂಪ್‌ಗೆ ಅಡ್ಡಲಾಗಿ ಉಳಿಯುತ್ತವೆ, ಗೆರೆಯ ಕಂಪನಾಂಕದಲ್ಲಿ ಅವೆರಡೂ ಸೇರಿ ಶಾರ್ಟ್‌ಗೆ ಸಮನಾಗುತ್ತವೆ. ಟ್ವೀಟರ್ ಸುಟ್ಟು ಒಳಗೆ ತಂತಿ ಕಡಿದಾಗಲೂ ಇದೇ ಪರಿಸ್ಥಿತಿ. ಮತ್ತೊಂದು, ಕಾರಿನ ಸ್ಟೀರಿಯೊಗಳಲ್ಲಿ ಋಣ ತಂತಿ ಎಂದರೆ ನೆಲವಲ್ಲ; ಎರಡೂ ತಂತಿಗಳಲ್ಲಿ ಸಿಗ್ನಲ್ ಇರುತ್ತದೆ. ಎಡ ಬಲ ಎರಡರ ಕ್ರಾಸ್‌ಓವರನ್ನೂ ಒಂದೇ ಹಲಗೆಯ ಮೇಲೆ ಕಟ್ಟಿ ಋಣ ತಂತಿಗಳನ್ನು ಒಟ್ಟುಗೂಡಿಸಿದರೆ ಸ್ಟೀರಿಯೊ ಕೆಡುತ್ತದೆ. ಕಾರಿನ ಲೋಹಕ್ಕೆ ತಾಗಿಸಿದರೂ ಅಷ್ಟೇ.

ಸ್ಥಾಯಿಗೆ 18, 24 ಡೆಸಿಬೆಲ್‌ನವೂ ಇವೆ. ಬಿಡಿಭಾಗ ಹೆಚ್ಚಿದಂತೆ ಸ್ಪೀಕರ್‌ನ ನಿಜವಾದ ಇಂಪೆಡೆನ್ಸ್ ತಿಳಿದಿರಬೇಕಾದ ಅಗತ್ಯವೂ ಹೆಚ್ಚುತ್ತದೆ. ಅಳತೆಯ ಮೈಕ್ ಇಲ್ಲದೆ ಅತ್ತ ಹೋಗಬೇಡಿ.

ಸಿದ್ಧ ಕ್ರಾಸ್‌ಓವರ್

ಇದರಲ್ಲಿ ಎರಡು ಜಾತಿ. ಸ್ಪೀಕರ್ ಜೋಡಿಯ ಜತೆಗೇ ಬರುವುದು ಆ ಜೋಡಿಗೆಂದೇ ಅಳೆದು ಮಾಡಿದ್ದು. ಹಾಗೆ ಬಂದಿದ್ದರೆ ಅದನ್ನು ತೆಗೆದು ನಿಮ್ಮದನ್ನು ಕಟ್ಟುವ ಮೊದಲು ಒಮ್ಮೆಯಲ್ಲ, ಎರಡು ಸಲ ಯೋಚಿಸಿ. ಬಿಡಿಯಾಗಿ ಮಾರುವ, ಯಾವ ಸ್ಪೀಕರ್‌ಗಾದರೂ ಆಗುತ್ತದೆ ಎನ್ನುವ ಹಲಗೆಗಳ ವಿಷಯ ಬೇರೆ. ಅವು ಯಾವ ಓಮ್‌ಗೆ ಮಾಡಿದ್ದು ಎಂದು ನೋಡದೆ ಕೊಳ್ಳಬಾರದು. ಮನೆಯ 8 ಓಮ್ ಸ್ಪೀಕರ್‌ಗೆ 3000 ಹರ್ಟ್ಸ್‌ನಲ್ಲಿ ಭಾಗಿಸಲು ಮಾಡಿದ ಮೊದಲ ದರ್ಜೆಯ ಹಲಗೆಗೆ ಕಾರಿನ 4 ಓಮ್ ಸ್ಪೀಕರ್ ತಗುಲಿಸಿದರೆ ಟ್ವೀಟರ್ 6000ದಿಂದ ಶುರುವಾಗುತ್ತದೆ, ಬಾಗಿಲಿನದು 1500ಕ್ಕೇ ಇಳಿಯತೊಡಗುತ್ತದೆ. ನಡುವಿನ ಎರಡು ಸ್ಥಾಯಿ ಸೊರಗುತ್ತದೆ. ಮಾತಿನ ಸ್ಪಷ್ಟತೆ ಇರುವುದು ಅಲ್ಲೇ.

ಅಗ್ಗದ ಹಲಗೆಗಳಲ್ಲಿ ಕಾಯಿಲ್‌ಗಳು ಪುಟ್ಟ ಕಬ್ಬಿಣದ ತಿರುಳಿನ ಮೇಲೆ ಸುತ್ತಿದವಾಗಿರುತ್ತವೆ, ಸದ್ದು ಜೋರಾದಾಗ ತಿರುಳಿನ ಕಾಂತತೆ ಮಿತಿ ಮುಟ್ಟಿ ಸದ್ದು ಒರಟಾಗುತ್ತದೆ. ಬೆಸುಗೆ ಹಾಕಲು ಬಾರದವರಿಗೆ, ಸಮಯವಿಲ್ಲದವರಿಗೆ, 4 ಓಮ್‌ಗೆಂದೇ ಮಾಡಿದ ಮತ್ತು ಟ್ವೀಟರ್ ಮಟ್ಟ ತಗ್ಗಿಸುವ ಅನುಕೂಲವಿರುವ ಹಲಗೆ ಸರಿಯಾದ ಆಯ್ಕೆಯೇ. ಒಳ್ಳೆಯ ಬಿಡಿಭಾಗಗಳನ್ನು ನೀವೇ ತಂದು ಕಟ್ಟಿದರೆ ಖರ್ಚು ಉಳಿಯುತ್ತದೆ ಎಂಬ ಭ್ರಮೆ ಬೇಡ, ಬಹಳ ಸಲ ಹೆಚ್ಚೇ ಆಗುತ್ತದೆ. ಪ್ರತಿಯಾಗಿ ಸಿಗುವುದು ನಿಮ್ಮ ಸ್ಪೀಕರ್‌ಗೆ ಬೇಕಾದ ಗೆರೆ.

ಆಕ್ಟಿವ್ ದಾರಿ

ಆಂಪ್‌ಗೆ ಹೋಗುವ ಮೊದಲೇ ಸಿಗ್ನಲ್ ವಿಭಜಿಸಿ, ಟ್ವೀಟರ್‌ಗೊಂದು ಬಾಗಿಲಿಗೊಂದು ಚಾನೆಲ್ ಕೊಡುವ ವಿಧಾನ ಇದು. ಇಲ್ಲಿ ಫಿಲ್ಟರ್‌ಗೆ ಸ್ಪೀಕರ್‌ನ ಇಂಪೆಡೆನ್ಸ್ ತಾಗುವುದೇ ಇಲ್ಲ, ಆದ್ದರಿಂದ ಸೂತ್ರ ಸುಳ್ಳಾಡುವುದಿಲ್ಲ. ಗೆರೆ, ಇಳಿಜಾರು, ಮಟ್ಟ, ಕೆಲವು ಸ್ಟೀರಿಯೊಗಳಲ್ಲಿ ಪ್ರತಿ ಸ್ಪೀಕರ್‌ನ ವಿಳಂಬವನ್ನೂ ಕೂತಲ್ಲೇ ತಿರುವಬಹುದು. ಮೇಲೆ ಹೇಳಿದ ಆರು ಸೆಂಟಿಮೀಟರ್‌ನ ತಲೆನೋವಿಗೆ ಸರಿಯಾದ ಪರಿಹಾರವಿದ್ದರೆ ಇದೊಂದೇ. ನಿಮ್ಮ ಸ್ಟೀರಿಯೊದಲ್ಲಿ ಎರಡು ದಾರಿಯ ವಿಭಜನೆ ಈಗಾಗಲೇ ಇದ್ದು ನಾಲ್ಕು ಚಾನೆಲ್ ಖಾಲಿ ಇದ್ದರೆ ಕಾಯಿಲ್ ಸುತ್ತುವುದು ಹವ್ಯಾಸಕ್ಕೆ ಮಾತ್ರ. ಚಾನೆಲ್ ಇಲ್ಲದಿದ್ದರೆ ಎಲ್ಲ ಆಯ್ಕೆಗಳಲ್ಲಿ ದುಬಾರಿ ಇದೇ.

ಆಗಲೂ ಟ್ವೀಟರ್‌ಗೆ ಒಂದು ಕೆಪಾಸಿಟರ್ ಇರಲಿ, 33 ಅಥವಾ 47 ಮೈಕ್ರೊಫ್ಯಾರಡ್‌ನದು. ಹೌದು, ನನ್ನ ಟ್ವೀಟರನ್ನು ಸುಟ್ಟದ್ದೇ. ಇಲ್ಲಿ ಅದರ ಕೆಲಸ ಸಂಗೀತ ವಿಭಜಿಸುವುದಲ್ಲ. ಆಂಪ್ ಹತ್ತುವಾಗಿನ ಧಡ್ ಎಂಬ ಹೊಡೆತವನ್ನೂ ಕೆಟ್ಟುಹೋದ ಆಂಪ್‌ನ ನೇರ ವಿದ್ಯುತ್ತನ್ನೂ ತಡೆಯುವುದು.

ಬಾಸ್ ಕಡೆಗೊಂದು ಮಾತು

ಸಬ್‌ವೂಫರ್‌ಗೂ ಹೀಗೇ ಕಾಯಿಲ್ ಕಟ್ಟಬಹುದೇ ಎಂದು ಕೇಳುವವರಿದ್ದಾರೆ. 80 ಹರ್ಟ್ಸ್‌ಗೆ 8 ಮಿಲಿಹೆನ್ರಿ ಬೇಕು. ಅಷ್ಟು ತಾಮ್ರದ ತಂತಿಯ ರೋಧವೇ ಒಂದು ಓಮ್ ತಲುಪಿದರೆ ಶಕ್ತಿಯ ಐದನೆಯ ಒಂದು ಭಾಗ ಕಾಯಿಲ್ ಬಿಸಿಯಾಗುವುದಕ್ಕೇ ಹೋಗುತ್ತದೆ. ಆಂಪ್‌ನಲ್ಲಿರುವ ಫಿಲ್ಟರ್ ತಿರುಗಣೆ ಬಳಸಿ, ಮುಗಿಯಿತು. ಡ್ಯಾಶ್‌ಬೋರ್ಡ್‌ನ ಪುಟ್ಟ ಸ್ಪೀಕರ್‌ಗಳಿಗೆ ಬಾಸ್ ತಡೆಯಲು ಒಂದು ದೊಡ್ಡ ನಾನ್‌ಪೋಲಾರ್ (ಧನ ಋಣ ಭೇದವಿಲ್ಲದ) ಕೆಪಾಸಿಟರ್ ಹಾಕುವುದು ಮಾತ್ರ ಅರ್ಥವಿರುವ ಕೆಲಸ: 200 ಮೈಕ್ರೊಫ್ಯಾರಡ್‌ಗೆ 200 ಹರ್ಟ್ಸ್.

ಬಿಡಿಭಾಗಗಳಲ್ಲಿ ಹಣ ಎಲ್ಲಿ ಹಾಕಬೇಕು

ಟ್ವೀಟರ್‌ನ ಸರಣಿ ಕೆಪಾಸಿಟರ್ ಪಾಲಿಪ್ರೊಪಿಲೀನ್ ಫಿಲ್ಮ್‌ನದಾಗಿರಲಿ. ಅದರ ಮೌಲ್ಯ ಬರೆದದ್ದಕ್ಕೆ ಹತ್ತಿರ ಇರುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನ ಕಾವಿಗೆ ಒಣಗುವುದಿಲ್ಲ. ನಾನ್‌ಪೋಲಾರ್ ಎಲೆಕ್ಟ್ರೊಲಿಟಿಕ್ ಅಗ್ಗ, ಆದರೆ ವರ್ಷಗಳು ಕಳೆದಂತೆ ಮೌಲ್ಯ ಸರಿಯುತ್ತದೆ. ಜೋಬೆಲ್‌ನಲ್ಲಿ, ಬಾಸ್ ತಡೆಯುವಲ್ಲಿ ಅದು ಸಾಕು. ಧ್ರುವ ಗುರುತಿರುವ ಸಾಮಾನ್ಯ ಎಲೆಕ್ಟ್ರೊಲಿಟಿಕ್ ಮಾತ್ರ ಎಲ್ಲೂ ಬೇಡ. 100 ವ್ಯಾಟ್ ಎಂದರೂ 4 ಓಮ್‌ನಲ್ಲಿ ತುತ್ತತುದಿಯ ವೋಲ್ಟೇಜ್ 28ರ ಸುಮಾರು. 100 ವೋಲ್ಟ್‌ನ ಕೆಪಾಸಿಟರ್ ಧಾರಾಳವಾಯಿತು, 400 ವೋಲ್ಟ್‌ಗೆ ಕಾಸು ಸುರಿಯಬೇಡಿ.

0.36 ಮಿಲಿಹೆನ್ರಿಯಂಥ ಸಣ್ಣ ಕಾಯಿಲ್‌ಗೆ ತಿರುಳಿಲ್ಲದ, 18 ಗೇಜ್ ತಂತಿಯದು ಸಾಕು. ಎರಡು ಕಾಯಿಲ್‌ಗಳನ್ನು ಅಕ್ಕಪಕ್ಕ ಮಲಗಿಸಬೇಡಿ, ಒಂದನ್ನು ಮಲಗಿಸಿ ಇನ್ನೊಂದನ್ನು ನಿಲ್ಲಿಸಿ, ನಡುವೆ ಅಂತರ ಬಿಡಿ. ಬಾಗಿಲಿನ ಉಕ್ಕಿನ ತಗಡಿಗೆ ಅಂಟಿಸಿದರೆ ಕಾಯಿಲ್‌ನ ಮೌಲ್ಯವೇ ಬದಲಾಗುತ್ತದೆ. ನಡುವಿನ ತೂತಿನಲ್ಲಿ ಕಬ್ಬಿಣದ ತಿರುಪು ತೂರಿಸಿದರೂ ಅದೇ ಗತಿ. ಬಾಗಿಲಿನೊಳಗೆ ಮಳೆನೀರೂ ಇಳಿಯುತ್ತದೆ, ಆದ್ದರಿಂದ ಹಲಗೆಯನ್ನು ಕಾರಿನ ಒಳಗೇ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವುದು ವಾಸಿ.

ಕಣ್ಣಿನ ಮಟ್ಟದಲ್ಲಿ ಕೂರುವ ಟ್ವೀಟರ್ ಬಹುತೇಕ ಯಾವಾಗಲೂ ಕಿವಿಗೆ ಚುಚ್ಚುತ್ತದೆ. 3 ಡೆಸಿಬೆಲ್ ತಗ್ಗಿಸಲು ಸರಣಿಯಲ್ಲಿ 1.2 ಓಮ್, ಟ್ವೀಟರ್‌ಗೆ ಅಡ್ಡಲಾಗಿ 10 ಓಮ್. 6 ಡೆಸಿಬೆಲ್‌ಗೆ 2 ಮತ್ತು 4. ಹತ್ತು ವ್ಯಾಟ್‌ನ ರೆಸಿಸ್ಟರ್ ಇರಲಿ. ಇದು ಫಿಲ್ಟರ್ ಮತ್ತು ಟ್ವೀಟರ್‌ನ ನಡುವೆ ಬರಬೇಕು. ಬರೀ ಒಂದು ಸರಣಿ ರೆಸಿಸ್ಟರ್ ಅಲ್ಲಿಟ್ಟರೆ ಫಿಲ್ಟರ್‌ಗೆ ಕಾಣುವ ಓಮ್ ಬದಲಾಗಿ ಗೆರೆಯೂ ಸರಿಯುತ್ತದೆ. ಎರಡು ರೆಸಿಸ್ಟರ್‌ಗಳ ಜೋಡಿಯಲ್ಲಿ ಅದು 4 ಆಗಿಯೇ ಉಳಿಯುತ್ತದೆ.

ಎಲ್ಲ ಬೆಸುಗೆ ಮುಗಿದ ಮೇಲೆ ಆಂಪ್‌ಗೆ ತಗುಲಿಸುವ ಮೊದಲು ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಕ್ರಾಸ್‌ಓವರ್‌ನ ಒಳಬರುವ ಎರಡು ತಂತಿಗಳಿಗೆ ಇಡಿ. ಸ್ಪೀಕರ್‌ಗಳೆಲ್ಲ ಜೋಡಿಸಿಯೇ ಇರಲಿ. ಮೂರೂವರೆಯಿಂದ ನಾಲ್ಕು ಓಮ್ ತೋರಿಸಿದರೆ ಬಾಗಿಲಿನ ಸ್ಪೀಕರ್ ಕಾಯಿಲ್ ಮೂಲಕ ಕಾಣುತ್ತಿದೆ, ಟ್ವೀಟರನ್ನು ಕೆಪಾಸಿಟರ್ ಮರೆಮಾಡಿದೆ, ಎಲ್ಲ ಸರಿ. ಎರಡು ಓಮ್‌ಗೂ ಕೆಳಗಿಳಿದರೆ ಟ್ವೀಟರ್‌ನ ಕೆಪಾಸಿಟರ್ ಎಲ್ಲೋ ತಪ್ಪಿಹೋಗಿದೆ. ಅರ್ಧ ಓಮ್‌ಗೆ ಬಿದ್ದರೆ ಟ್ವೀಟರ್‌ನ ಅಡ್ಡ ಕಾಯಿಲ್ ಕೆಪಾಸಿಟರ್‌ನ ಆಚೆ ಹೋಗುವ ಬದಲು ಈಚೆಗೆ, ನೇರ ಆಂಪ್‌ನ ಮುಂದೆ ಬಂದು ಕೂತಿದೆ. ಬಿಚ್ಚಿ ಜಾಗ ಬದಲಿಸಿ ಮತ್ತೆ ಅಳೆಯಿರಿ.